ಹೊರಸಿನ ಕೆಳಗಿನ ಕಾರ್ನೆಟ್

ನಮ್ಮ ಅಪ್ಪನಿಗೆ ಮೂವರು ಹೆಣ್ಣುಮಕ್ಕಳು ಎಂದು ಬೈಲಹೊಂಗಲದ ನಮ್ಮ ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಹುಟ್ಟಿದವರು ನಾನು ಮತ್ತು ನನ್ನ ತಂಗಿ, ಇಬ್ಬರೇ. ಮೂರನೆಯದು ಅಪ್ಪನ ಕಾರ್ನೆಟ್. ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನವರು ಊದುವ, ಮೂರು ಗುಂಡಿಗಳ ಹಿತ್ತಾಳೆ ವಾದ್ಯ. ನಮಗೆ ಜ್ವರ ಬಂದರೆ ಅವ್ವ ನೋಡಿಕೊಳ್ಳುತ್ತಿದ್ದಳು. ಅದಕ್ಕೆ ನೆಗಡಿಯಾಗದ ಹಾಗೆ ಅಪ್ಪ ನೋಡಿಕೊಳ್ಳುತ್ತಿದ್ದ. ಈ ಮಾತನ್ನು ಒಂದು ಕಾಲಕ್ಕೆ ನಾನೇ ನಗುನಗುತ್ತ ಹೇಳುತ್ತಿದ್ದೆ. ಈಗ ಹೇಳುವಾಗ ನಗು ಬರುವುದಿಲ್ಲ.

ಸವದತ್ತಿ, ರಾಮದುರ್ಗ, ಕಿತ್ತೂರು ಎಂದು ಲಗ್ನಗಳಲ್ಲಿ ಊದಿ ಮನೆಗೆ ಬಂದರೆ ಅಪ್ಪ ಚಹಾ ಕೂಡ ಕುಡಿಯುತ್ತಿರಲಿಲ್ಲ. ಮೊದಲು ಕಾರ್ನೆಟ್ಟನ್ನು ಬಗ್ಗಿಸಿ ಒಳಗೆ ನಿಂತ ಉಗುಳನ್ನು ಇಳಿಸಬೇಕು. ಆಮೇಲೆ ಉಗುರು ಬೆಚ್ಚಗಿನ ನೀರು ಹನಿಸಿ, ತಂತಿಗೆ ಬಟ್ಟೆ ಸುತ್ತಿ ಒಳಗೆಲ್ಲ ಒರೆಸಬೇಕು. ಗುಂಡಿಗಳಿಗೆ ಹೊಲಿಗೆ ಮಷಿನ್ನಿನ ಎಣ್ಣೆ. ಕೊನೆಗೆ ಅವ್ವನ ಹಳೆಯ ಸೀರೆಯ ಮೆತ್ತನೆ ತುಂಡಿನಲ್ಲಿ ಸುತ್ತಿ ತಗಡಿನ ಟ್ರಂಕಿನಲ್ಲಿ ಇಡಬೇಕು. ಒಮ್ಮೆ ಅವ್ವ ಪಾಪ, ಸಹಾಯ ಮಾಡೋಣ ಎಂದು ಹಬ್ಬದ ತಂಬಿಗೆಗಳ ಜೊತೆ ಅದನ್ನೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿಬಿಟ್ಟಳು. ಅಪ್ಪ ಒಂದು ವಾರ ಅವಳ ಜೊತೆ ಮಾತು ಬಿಟ್ಟಿದ್ದ.

ಇಷ್ಟು ಜೀವ ಯಾಕೆ ಎಂದರೆ, ನಮ್ಮ ಅಜ್ಜ ಹಲಗಿ ಬಾರಿಸುವವನು. ಹಬ್ಬ ಇರಲಿ, ಹೆಣ ಇರಲಿ, ಗೌಡರ ಮನೆಯಿಂದ ಕರೆ ಬಂದರೆ ಉಣ್ಣುವ ತಾಟು ಬಿಟ್ಟು ಏಳಬೇಕು. ಅಪ್ಪ ಅದನ್ನು ಒಲ್ಲೆ ಎಂದ. ಬೆಳಗಾವಿಗೆ ಹೋಗಿ, ಮಿಲಿಟರಿ ಬ್ಯಾಂಡಿನಲ್ಲಿದ್ದು ನಿವೃತ್ತರಾದ ಒಬ್ಬರ ಮನೆಯಲ್ಲಿ ನೀರು ಹೊತ್ತು, ಕಸ ಹೊಡೆದು ಕಾರ್ನೆಟ್ ಕಲಿತ. ಅವರು ಸಾಯುವ ಮುಂಚೆ ತಮ್ಮ ವಾದ್ಯವನ್ನೂ ನೋಟೇಶನ್ ಹಾಳೆಗಳ ಒಂದು ಕಟ್ಟನ್ನೂ ಅಪ್ಪನಿಗೆ ಕೊಟ್ಟರು. ಐದೈದು ಗೆರೆಗಳ ಮೇಲೆ ಕರಿ ಎಳ್ಳು ಚೆಲ್ಲಿದ ಹಾಗೆ ಕಾಣುವ ಆ ಹಾಳೆಗಳನ್ನು ಓದಬಲ್ಲವನು ನಮ್ಮ ಸುತ್ತಿನ ಬ್ಯಾಂಡುಗಳಲ್ಲಿ ಅಪ್ಪ ಒಬ್ಬನೇ. ಎಲ್ಲವೂ ಬಾಯಿಪಾಠವಾಗಿದ್ದರೂ ಲಗ್ನದ ಹಂದರದಲ್ಲಿ ಕಬ್ಬಿಣದ ಸ್ಟ್ಯಾಂಡು ಹೂಡಿ, ಹಾಳೆ ಇಟ್ಟೇ ಊದುತ್ತಿದ್ದ. ನಾನು ಒಮ್ಮೆ ಕೇಳಿದ್ದಕ್ಕೆ, "ಹಲಗಿಯವನ ಮಗ ಓದಿ ಬಾರಸ್ತಾನ ಅನ್ನೋದು ಕಾಣಬೇಕಲ್ಲವಾ" ಎಂದಿದ್ದ. ಜಂಬದ ಮನುಷ್ಯನೇ. ಆ ಜಂಬ ನನಗೆ ಇಷ್ಟವಾಗಿತ್ತು.

ಆ ಹಾಳೆಗಳಿಗೆ ಒರಲಿ, ಅಂದರೆ ಗೆದ್ದಲು, ಹತ್ತಿದ್ದು ನನ್ನ ಮದುವೆಯಾದ ವರ್ಷದ ಮಳೆಗಾಲದಲ್ಲಿ. ನಮ್ಮದು ಎರೆಮಣ್ಣಿನ ಊರು. ಮಳೆ ಹಿಡಿದರೆ ಗೋಡೆ ಬುಡದಿಂದ ತಂಪು ಏರುತ್ತದೆ, ಅದರ ಹಿಂದೆಯೇ ಒರಲಿ. ಟ್ರಂಕಿನ ತಳ ತುಕ್ಕು ಹಿಡಿದು ತೂತಾಗಿತ್ತು, ಅಲ್ಲಿಂದ ಹೊಕ್ಕು ಕೆಳಗಿನ ಹಾಳೆಗಳನ್ನು ಮಣ್ಣು ಮಾಡಿದ್ದವು. ಅಪ್ಪ ಅತ್ತದ್ದನ್ನು ತಾನೇ ನೋಡಿದೆ ಎಂದು ತಂಗಿ ಹೇಳಿದಳು. ಅವ್ವ ಕೂಡ ಅವನು ಅತ್ತದ್ದನ್ನು ಅದಕ್ಕೂ ಮೊದಲು ನೋಡಿರಲಿಲ್ಲವಂತೆ. ಹೊಸ ಟ್ರಂಕು ಬಂತು. ಬೇವಿನ ಎಲೆ ಹಾಕಿದ, ಡಾಂಬರ ಗುಳಿಗೆ ಹಾಕಿದ. ಆದರೂ ಅವನ ಜೀವಕ್ಕೆ ಸಮಾಧಾನವಿಲ್ಲ. ಮಳೆಗಾಲ ಬಂದರೆ ಟ್ರಂಕು ಹೊತ್ತುಕೊಂಡು ಬೆಕ್ಕು ಮರಿಗಳನ್ನು ಸಾಗಿಸುವ ಹಾಗೆ ಈ ಮೂಲೆಯಿಂದ ಆ ಮೂಲೆಗೆ ತಿರುಗುತ್ತಿದ್ದ.

ತೊಂಬತ್ತರ ದಶಕದ ನಡುವಿನ ಒಂದು ಆಷಾಢದಲ್ಲಿ ನಾನು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದೆ. ಗಂಡನ ಮನೆ ಎಂ.ಕೆ. ಹುಬ್ಬಳ್ಳಿ, ಗಂಡ ಕಬ್ಬಿನ ಲಾರಿ ಓಡಿಸುತ್ತಿದ್ದರು. ಗಂಡು ಕೂಸು ಹುಟ್ಟಿತು. ಹೆರಿಗೆ ಸುಸೂತ್ರ, ಕೂಸು ಗುಂಡಗೆ, ತಲೆತುಂಬ ಕೂದಲು. ಅಪ್ಪ ಅದರ ಎದೆ ಉಬ್ಬಿ ಇಳಿಯುವುದನ್ನು ನೋಡಿ, "ದಮ್ಮ ಛಲೋ ಐತಿ, ಊದಾಕ ಅಡ್ಡಿಯಿಲ್ಲ" ಎಂದ.

ನಮ್ಮ ಕಡೆ ಬಾಣಂತಿ ಕೋಣೆ ಎಂದರೆ ಗಾಳಿಗೆ ಬಹಿಷ್ಕಾರ. ಇದ್ದೊಂದು ಕಿಟಕಿಯ ಸಂದಿಗೆಲ್ಲ ಅವ್ವ ಗೋಣಿಚೀಲ ತುರುಕಿದಳು. ಬಾಗಿಲಿಗೆ ಕೌದಿ ಇಳಿಬಿಟ್ಟಳು. ನಾನು ಮಲಗುವ ಹೊರಸಿನ ಕಾಲ ದೆಸೆಯಲ್ಲಿ ಕೆಂಡದ ಶೆಗಡಿ, ಬೆಳಿಗ್ಗೆ ಸಂಜೆ ಲೋಬಾನದ ಹೊಗೆ. ನನ್ನ ಕಿವಿಗೆ ಅರಿವೆ ಕಟ್ಟಿ, ಕೂಸಿಗೆ ಕುಂಚಿಗೆ ಹಾಕಿ, ನಮ್ಮಿಬ್ಬರನ್ನೂ ಉಪ್ಪಿನಕಾಯಿ ಭರಣಿಯ ಹಾಗೆ ಮುಚ್ಚಿಟ್ಟಳು. ಊರೆಲ್ಲ ತೊಯ್ದು ತೊಪ್ಪೆಯಾಗಿದ್ದಾಗ ಆ ಕೋಣೆಯೊಂದೇ ಒಣಗಿ ಬೆಚ್ಚಗಿತ್ತು. ಅಪ್ಪನ ಕಣ್ಣು ಬಿದ್ದದ್ದು ಅದರ ಮೇಲೆ.

ಬಾಗಿಲ ಹೊರಗೆ ನಿಂತು, ಕೌದಿಯ ಆಚೆಯಿಂದಲೇ ಕೇಳಿದ. "ನಿನ್ನ ಹೊರಸಿನ ಬುಡಕ ಒಂಚೂರು ಜಾಗಾ ಕೊಡ್ತೀ ಏನವಾ?"

"ನಿನ್ನ ಸಣ್ಣ ಮಗಳಿಗೇನು? ತಂದು ಮಲಗಸು" ಎಂದು ನಕ್ಕೆ.

ಅಪ್ಪ ಟ್ರಂಕು ತಂದು ಹೊರಸಿನ ಕೆಳಗೆ ಸರಿಸಿದ. ಅದರೊಳಗೆ ಕಾರ್ನೆಟ್ಟು, ಹಾಳೆಗಳು. ಜೊತೆಗೆ ಹಳೆಯ ಅರಿವೆಯಲ್ಲಿ ಕಟ್ಟಿದ ಎರಡು ಗುಳಿಗೆ. ಡಾಂಬರ ಗುಳಿಗೆಗೆ ಒರಲಿ ಹೆದರುವುದಿಲ್ಲ ಎಂದು ಅವನಿಗೆ ಯಾರೋ ಹೇಳಿದ್ದರು. ಅವನ ಬ್ಯಾಂಡಿನಲ್ಲಿ ದೊಡ್ಡ ಡೋಲು ಬಾರಿಸುವವನು ದಿನಾ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ. ಜೋಳದ ಚೀಲಗಳಿಗೆ ನುಸಿ ಹತ್ತದ ಹಾಗೆ ಗೋದಾಮಿನಲ್ಲಿ ಇಡುವ ಗುಳಿಗೆಗಳನ್ನು ಅಪ್ಪ ಅವನಿಂದ ಇಸಿದುಕೊಂಡು ಬಂದಿದ್ದ. ಕಾಳಿಗೆ ಹಾಕುವುದು, ಮನುಷ್ಯರು ತಿನ್ನುವ ಜೋಳಕ್ಕೇ ಹಾಕುವುದು, ಕಾಗದಕ್ಕೆ ಹಾಕಿದರೆ ಏನಾದೀತು? ಅವನ ಲೆಕ್ಕ ಇಷ್ಟೇ. ಆ ಗೋದಾಮನ್ನು ಮುಚ್ಚಿ ಬೀಗ ಹಾಕಿದ ಮೇಲೆ ಒಳಗೆ ಯಾರೂ ಮಲಗುವುದಿಲ್ಲ ಎಂಬುದು ಅವನಿಗೂ ಹೊಳೆಯಲಿಲ್ಲ, ಕೊಟ್ಟವನಿಗೂ ಹೊಳೆಯಲಿಲ್ಲ. ಹಾಳೆಗೆ ಔಷಧ ಹಾಕಿದ್ದೇನೆ ಎಂದಷ್ಟೇ ನನಗೆ ಹೇಳಿದ.

ಮಾರನೆಯ ದಿನ ಕೋಣೆಯಲ್ಲಿ ಬಳ್ಳೊಳ್ಳಿಯ ವಾಸನೆ ಜೋರಾಯಿತು. ಅದೇನು ಹೊಸದಲ್ಲ. ಬಾಣಂತಿಗೆ ಮೂರು ಹೊತ್ತೂ ಬಳ್ಳೊಳ್ಳಿ. ಹುರಿದದ್ದು, ಸುಟ್ಟದ್ದು, ತುಪ್ಪದಲ್ಲಿ ಹಾಕಿದ್ದು. ನನ್ನ ಬೆವರೇ ಬಳ್ಳೊಳ್ಳಿ ನಾರುತ್ತಿತ್ತು. ಆದರೂ ಇದು ಬೇರೆ ಇತ್ತು, ಒಳಗೊಂದು ಕೊಳೆತ ಕಮಟು ಇತ್ತು. ಅವ್ವನಿಗೆ ಹೇಳಿದೆ.

"ಬಾಣಂತಿ ಕೋಣಿ ಮತ್ತೇನು ಮಲ್ಲಿಗಿ ಹೂವಿನಂಗ ಘಮ್ಮಂತೈತೇನು?" ಎಂದಳು ಅವ್ವ.

ನನಗೆ ತಲೆ ಸಿಡಿಯತೊಡಗಿತು. ಉಂಡದ್ದೆಲ್ಲ ವಾಂತಿಯಾಯಿತು. ಅಂಟಿನ ಉಂಡೆ ಹೆಚ್ಚು ತಿಂದಿದ್ದಾಳೆ, ಜಡವಾಗಿದೆ ಎಂದರು. ಕೂಸು ಹಾಲು ಕುಡಿಯುವುದು ಕಡಿಮೆಯಾಯಿತು. ಎರಡು ಗುಟುಕು ಎಳೆದು ಬಿಟ್ಟುಬಿಡುತ್ತಿತ್ತು. ಅಳು ಸಣ್ಣದಾಗುತ್ತ ಬಂತು. ಬಾಜೂ ಮನೆಯ ಮುದುಕಿ ಬಂದು ನೋಡಿ, ಗಾಳಿ ಹೊಕ್ಕಿದೆ ಎಂದು ಹೇಳಿ ಕಿಟಕಿಗೆ ಇನ್ನೊಂದು ಚೀಲ ತುರುಕಿಸಿದಳು. ನಾನು ಬೇಡ ಎನ್ನಲಿಲ್ಲ. ಬಾಣಂತಿಯ ಮಾತನ್ನು ಆ ಮನೆಯಲ್ಲಿ ಯಾರೂ ಕೇಳುತ್ತಿರಲೂ ಇಲ್ಲ. ಒಮ್ಮೆ ಕೌದಿ ಸರಿಸಿ ಬಾಗಿಲಲ್ಲಿ ಕುಳಿತಿದ್ದಕ್ಕೆ ಅವ್ವ ಕೂಗಾಡಿ ಒಳಗೆ ಕಳಿಸಿದ್ದಳು.

ಕೂಸಿನ ಕೈಯಲ್ಲಿ ದೃಷ್ಟಿಗೆಂದು ಹಾಕಿದ ಸಣ್ಣ ತಾಮ್ರದ ಕಡಗವಿತ್ತು, ಹೊಸದು, ಕೆಂಪಗೆ ಹೊಳೆಯುವಂಥದು. ಅದು ಕಪ್ಪಾಗಿದೆ ಎಂದು ಮೊದಲು ನೋಡಿದವಳು ಅವ್ವ. ಅವಳಿಗೆ ಭಯವಾಗಲಿಲ್ಲ, ಖುಷಿಯಾಯಿತು. ಕೂಸಿಗೆ ಬಂದದ್ದನ್ನು ಕಡಗ ತನ್ನ ಮೇಲೆ ತೆಗೆದುಕೊಂಡರೆ ಹಾಗೆ ಕಪ್ಪಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ.

"ತಗೊಂಡ್ತು ನೋಡ, ಎಲ್ಲಾ ಕಡಗಾ ತಗೊಂಡ್ತು. ನಾಳಿಗಿ ಕೂಸು ನೆಟ್ಟಗಾಗ್ತೈತಿ" ಎಂದು ಕೂಸಿನ ಮುಖದ ಮುಂದೆ ಕೈ ಇಳಿಸಿ ನೆಟಿಗೆ ಮುರಿದಳು. ನನಗೂ ಸಮಾಧಾನವಾಯಿತು. ಆ ಕಪ್ಪು ಕಡಗವನ್ನು ನಾನು ಮುದ್ದಿಟ್ಟೆ.

ಅದರ ಮರುದಿನ ಮಧ್ಯಾಹ್ನ ಮಳೆ ತೆರಪು ಕೊಟ್ಟಿತ್ತು. ಊದದೆ ಬಹಳ ದಿನ ಬಿಟ್ಟರೆ ಗುಂಡಿ ಹಿಡಿಯುತ್ತವೆ ಎಂದು ಅಪ್ಪ ಬಂದು ಟ್ರಂಕನ್ನು ಅಂಗಳಕ್ಕೆ ಎಳೆದುಕೊಂಡು ಹೋದ. ಮುಚ್ಚಳ ತೆಗೆದ ಸಪ್ಪಳ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಕಾರ್ನೆಟ್ಟಿನ ದನಿಯನ್ನು ಕಾಯುತ್ತ ಮಲಗಿದ್ದ ನಾನು ಎದ್ದು, ಗೋಡೆ ಹಿಡಿದು, ಕೂಸನ್ನು ಎದೆಗೆ ಅವಚಿಕೊಂಡು ಬಾಗಿಲಿಗೆ ಬಂದು ಕೌದಿ ಸರಿಸಿದೆ.

ಅಪ್ಪ ಕಾರ್ನೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅದು ಹಿತ್ತಾಳೆ ಎಂದು ಹೇಳುವಂತಿರಲಿಲ್ಲ. ಬಾಯಿಂದ ಕೊಳವೆಯ ಕೊನೆಯವರೆಗೆ ಕಪ್ಪು. ಅವ್ವ ಬಂದು ನೋಡಿದಳು.

"ಇದೇನು ಅಪಶಕುನ ಅಂತೇನಿ. ಮನ್ಯಾಗ ಏನೋ ಹೊಕ್ಕೈತಿ."

ನಾನು ಕಾರ್ನೆಟ್ ನೋಡಿದೆ, ಕೂಸಿನ ಕೈ ನೋಡಿದೆ. ಅದೇ ಕಪ್ಪು. ನನಗೆ ಗುಳಿಗೆ ಗೊತ್ತಿರಲಿಲ್ಲ, ವಿಷ ಗೊತ್ತಿರಲಿಲ್ಲ. ಆದರೆ ಟ್ರಂಕಿನೊಳಗಿನ ಕಾರ್ನೆಟ್ಟಿಗೆ ಯಾರ ದೃಷ್ಟಿ ತಾಗುತ್ತದೆ? ಕೋಣೆಯೊಳಗೆ ಏನೋ ಇದೆ, ಅದು ಕಡಗಕ್ಕೆ ತಾಗಿದೆ ಎಂದರೆ ಕೂಸಿಗೂ ತಾಗಿದೆ ಎಂದು ಗೊತ್ತಾಯಿತು. ಅವ್ವ ತಡೆಯಲು ಬಂದಳು. ಅವಳನ್ನು ನೂಕಿ ಅಂಗಳದ ಕೆಸರಿಗೆ ಇಳಿದು, ಕೂಸಿನ ಕುಂಚಿಗೆ ಕಿತ್ತೊಗೆದೆ. ಬೆಳಕಿನಲ್ಲಿ ಅದರ ತುಟಿಯ ಬಣ್ಣ ನೋಡಿ ಚೀರಿದೆ.

ಓಣಿಯವನೊಬ್ಬ ಟೆಂಪೋ ತಂದ. ಊರಿನ ದವಾಖಾನೆಯವರು ಬೆಳಗಾವಿಗೆ ಒಯ್ಯಿರಿ ಎಂದರು. ದಾರಿಯುದ್ದಕ್ಕೂ ಅಪ್ಪ ಟೆಂಪೋದ ಪರದೆ ಎತ್ತಿ ಹಿಡಿದುಕೊಂಡೇ ಇದ್ದ, ಗಾಳಿ ಬರಲಿ ಎಂದು. ಬೆಳಗಾವಿಯ ಡಾಕ್ಟರು ಹೆಣ್ಣುಮಗಳು. ಕೂಸಿನ ಕಡಗವನ್ನು ತಿರುಗಿಸಿ ನೋಡಿದರು. ನನ್ನನ್ನು ನೋಡಿದರು.

"ಮಲಗೋ ಕೋಣ್ಯಾಗ ಕಾಳಿಗೆ ಹಾಕೋ ಗುಳಿಗಿ ಏನಾರ ಇಟ್ಟಿದ್ರೇನ್ರಿ?"

ನಾನು ಇಲ್ಲ ಎಂದೆ. ಬಾಗಿಲಲ್ಲಿ ನಿಂತಿದ್ದ ಅಪ್ಪ, "ಇಟ್ಟಿದ್ದೆ ರೀ, ಹಾಳಿಗೆ" ಎಂದ. ಡಾಕ್ಟರಿಗೆ ಅರ್ಥವಾಗಲಿಲ್ಲ. ಮತ್ತೆ ಕೇಳಿದರು. "ಬಾಜಾ ಊದೋ ಹಾಳಿಗೆ ರೀ" ಎಂದ ಅಪ್ಪ. ಆ ಗುಳಿಗೆ ಮಳೆಗಾಲದ ತೇವಕ್ಕೆ ಕರಗಿ ಗಾಳಿಯಾಗುತ್ತದೆ, ಆ ಗಾಳಿಯೇ ವಿಷ ಎಂದು ಅವರು ಬಿಡಿಸಿ ಹೇಳಿದರು. ಅದಕ್ಕೆ ಬಳ್ಳೊಳ್ಳಿಯ ವಾಸನೆ ಇರುತ್ತದೆ ಎಂದೂ ಹೇಳಿದರು.

ಕೂಸು ಸಂಜೆಯ ಹೊತ್ತಿಗೆ ಹೋಯಿತು. ಹೆಸರಿಟ್ಟಿರಲಿಲ್ಲ.

ಆಮೇಲೆ ನನಗೆ ಇಬ್ಬರು ಹೆಣ್ಣುಮಕ್ಕಳಾದರು. ಎರಡೂ ಬಾಣಂತನ ಗಂಡನ ಮನೆಯಲ್ಲೇ, ಕಿಟಕಿ ತೆರೆದಿಟ್ಟು ಮಾಡಿಸಿಕೊಂಡೆ. ಅತ್ತೆ ಗೊಣಗಿದರು, ಗೊಣಗಲಿ ಎಂದು ಬಿಟ್ಟೆ. ಅಪ್ಪ ಬ್ಯಾಂಡು ಬಿಟ್ಟ. ಅವನ ಜಾಗಕ್ಕೆ ಬಂದ ಹುಡುಗರು ಕೀಬೋರ್ಡ್ ತಂದರು, ಎರಡು ಸಾವಿರ ಇಸವಿ ದಾಟಿದ ಮೇಲಂತೂ ಗಾಡಿಯ ಮೇಲೆ ಸ್ಪೀಕರ್ ಪೆಟ್ಟಿಗೆ ಹೇರಿ ಹಾಡು ಹಚ್ಚುವುದೇ ಬ್ಯಾಂಡಾಯಿತು. ಅಪ್ಪನ ಮೇಲೆ ನನಗೆ ಸಿಟ್ಟು ಇತ್ತೇ ಎಂದು ತಂಗಿ ಕೇಳುತ್ತಾಳೆ. ಇತ್ತು. ಅವನ ಮುಖ ನೋಡಿದರೆ ಅಯ್ಯೋ ಎನ್ನಿಸುತ್ತಿತ್ತು, ನೋಡದಿದ್ದರೆ ಸಿಟ್ಟು. ಎರಡೂ ಅವನು ಸಾಯುವವರೆಗೆ ಹಾಗೇ ಇದ್ದವು.

ಆದರೆ ನಾನು ಹೇಳಬೇಕಾದದ್ದು ಕೂಸನ್ನು ಮಣ್ಣು ಮಾಡಿ ಬಂದ ದಿನದ್ದು. ನನ್ನನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಬಂದ ಮಂದಿ ಹೋಗಿದ್ದರು. ಅಂಗಳದಲ್ಲೇ ಬಿಟ್ಟುಹೋಗಿದ್ದ ಟ್ರಂಕನ್ನು ಮಳೆಗೆ ತೊಯ್ಯುತ್ತದೆ ಎಂದು ಯಾರೋ ಮುಚ್ಚಳ ಹಾಕಿ ಮಾಡಿನ ಕೆಳಗೆ ಎಳೆದಿಟ್ಟಿದ್ದರು. ಅಪ್ಪ ಅದರ ಮುಂದೆ ಕುಳಿತಿದ್ದ. ಕಾರ್ನೆಟ್ಟನ್ನು ಮುಟ್ಟಲಿಲ್ಲ. ಹಾಳೆಗಳ ಕಟ್ಟನ್ನು ಬಿಚ್ಚಿ, ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದ. ನಾನು ಎದ್ದು ಹೋಗಿ ಹತ್ತಿರ ನಿಂತೆ. ಬಯ್ಯಬೇಕೆಂದೇ ಹೋಗಿದ್ದೆ. ಎದೆಹಾಲು ಸೋರಿ ನನ್ನ ಕುಪ್ಪಸವೆಲ್ಲ ತೊಯ್ದಿತ್ತು.

ಅಪ್ಪ ನನ್ನತ್ತ ಒಂದು ಹಾಳೆ ಚಾಚಿದ.

"ಒಂದಕ್ಕೂ ಹುಳಾ ಹತ್ತಿಲ್ಲ ನೋಡವಾ" ಎಂದ.

ನಾನು ಇಸಿದುಕೊಂಡು ನೋಡಿದೆ. ಹೌದು, ಎಲ್ಲಿಯೂ ಒಂದು ತೂತೂ ಇರಲಿಲ್ಲ.