ಬಿಸಿಯಾಗುವ ಮೊದಲು ತಿರುಗಿಸಿದ ಸ್ಕ್ರೂ

ಸ್ಕ್ರೂಡ್ರೈವರ್ ಕೈಗೆ ಬಂದರೆ ಜಗತ್ತಿನ ಯಾವ ಸ್ಕ್ರೂವೂ ಸರಿಯಾಗಿ ಕೂತಂತೆ ನನಗೆ ಕಾಣುವುದಿಲ್ಲ. ನಿವೃತ್ತಿಯಾದ ಮೇಲೆ ಈ ರೋಗ ಹೆಚ್ಚಾಗಿದೆ ಎನ್ನುತ್ತಾಳೆ ಹೆಂಡತಿ.

ನಮ್ಮ ಹಳೆಯ ಕಾರಿಗೆ ಬೇರೆ ಕಾರ್ಬುರೇಟರ್ ಹಾಕಿಸಿದ್ದೆ. ಟಿಕೋಟಾದ ದಸ್ತಗೀರ ಮಿಸ್ತ್ರಿ, “ಒಂದೆರಡು ದಿನ ಓಡಿಸಿ ತರ್ರಿ, ಐಡ್ಲಿಂಗ್ ಸೆಟ್ ಮಾಡಿ ಕೊಡ್ತೇನಿ” ಎಂದಿದ್ದರು. ಎಂಜಿನ್ನಿಗೆ ಓಡುವುದೇನೂ ಕಷ್ಟವಲ್ಲ. ಓಡದೆ, ಆರಿಯೂ ಹೋಗದೆ, ನಿಂತಲ್ಲೇ ಉಸಿರಾಡಿಕೊಂಡಿರುವುದು ಕಷ್ಟ. ನನಗೂ ಅದೇ ಕಷ್ಟ.

ಕಾಯುವಂತಿರಲಿಲ್ಲ. “ಇನ್ನೊಮ್ಮೆ ನಡುದಾರ್‍ಯಾಗ ಬಂದ್ ಬಿತ್ತಂದ್ರ ನಾ ಬಸ್ಸಿಗೆ ಹೋಗಾಕಿ. ಈ ಗಾಡ್ಯಾಗ ಮತ್ತ ಕೂಡಂಗಿಲ್ಲ” ಎಂದು ಹೆಂಡತಿ ಖಡಾಖಂಡಿತ ಹೇಳಿಬಿಟ್ಟಿದ್ದಳು. ಬಬಲೇಶ್ವರಕ್ಕೆ ಅವಳ ತಂಗಿಯ ಮನೆಗೆ ಹೊರಟ ಬೆಳಿಗ್ಗೆ, ಜಲನಗರದ ನಮ್ಮ ಗೇಟಿನ ಮುಂದೆ, ತಣ್ಣಗಿದ್ದ ಎಂಜಿನ್ ಆರದಿರುವಷ್ಟು ಸ್ಕ್ರೂ ತಿರುಗಿಸಿದೆ. ಹೆಮ್ಮೆಯೂ ಪಟ್ಟೆ.

ದಾರಿಯಲ್ಲಿ ಎಂಜಿನ್ ಬಿಸಿಯಾಯಿತು, ಸದ್ದೂ ಏರಿತು. ತಂಗಿಯ ಬಾಗಿಲಿಗೆ ಮುಟ್ಟುವಾಗ ಆರ್ಭಟ. ಆರಿಸಿದರೆ ಮತ್ತೆ ಹೊತ್ತುತ್ತದೋ ಇಲ್ಲವೋ ಎಂದು ಹೆದರಿ ಹಾಗೇ ಬಿಟ್ಟೆ. ನಾದಿನಿ ಕಾರನ್ನೂ ನನ್ನನ್ನೂ ನೋಡಿದಳು. “ಭಾಳ ಗಡಿಬಿಡ್ಯಾಗ ಇದ್ದಂಗ ಅದೀರಿ, ತಡೀರಿ” ಎಂದವಳೇ ರೊಟ್ಟಿ, ಶೇಂಗಾ ಚಟ್ನಿ ಡಬ್ಬಿಗೆ ತುಂಬಿ ಅಕ್ಕನ ಕೈಗಿಟ್ಟಳು. ಎರಡು ವರ್ಷದ ಮೇಲೆ ಬಂದ ಅಕ್ಕ ಹೊಸ್ತಿಲಲ್ಲೇ ತಿರುಗಿದಳು. ಕಾರನ್ನು ನೇರ ಟಿಕೋಟಾಕ್ಕೆ, ಮಿಸ್ತ್ರಿಯ ಬಳಿಗೆ ಓಡಿಸಿದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಮಿಸ್ತ್ರಿ ಬಾನೆಟ್ ಎತ್ತಿ ನಕ್ಕರು. “ಥಂಡಿ ಇದ್ದಾಗ ತಿರುವೀರಿ, ಹೌದಲ್ರಿ? ಬಿಸಿ ಆಗೂತನಕ ಕೈ ಹಚ್ಚಬಾರದ್ರಿ.” ಎಂಜಿನ್ನಿನ ಮೇಲೆ ಸ್ಟೀಲ್ ಗ್ಲಾಸಿನಲ್ಲಿ ನೀರಿಟ್ಟು, ನೀರನ್ನೇ ನೋಡುತ್ತ ಸ್ಕ್ರೂ ತಿರುಗಿಸಿದರು. ತುಳುಕುತ್ತಿದ್ದ ನೀರು ಬರೀ ನಡುಗತೊಡಗಿತು. ಸದ್ದು ಅಡಗಿತು.

“ಮತ್ತ ಬಂದ್ ಬಿತ್ತಲ್ಲ!” ಹೆಂಡತಿ ಡಬ್ಬಿ ಸಮೇತ ಇಳಿದು ಬಸ್ ನಿಲ್ದಾಣದ ಕಡೆ ಹೊರಟೇಬಿಟ್ಟಳು.

“ಚಾಲೂ ಐತ್ರಿ ಅಕ್ಕಾರ, ನೀರು ನೋಡ್ರಿ” ಎಂದರು ಮಿಸ್ತ್ರಿ.

ಅವಳು ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕಾರಿನಲ್ಲಿ ಕೂತು, “ಬಬಲೇಶ್ವರಕ್ಕ ಹೊಳ್ಳಿಸ್ರಿ. ಈ ರೊಟ್ಟಿ ಅಲ್ಲೇ ಕುಂತು ಉಣ್ಣೂಣು” ಎಂದಳು.

ನನ್ನ ಸ್ಕ್ರೂಡ್ರೈವರನ್ನು ಮಿಸ್ತ್ರಿಯ ಬಳಿಯೇ ಬಿಟ್ಟೆ. ತಂಗಿಯ ಬಾಗಿಲಲ್ಲಿ ಈ ಸಲ ಎಂಜಿನ್ ಆರಿಸಿದೆ. ಒಳಗೆ ಚಹಾಕ್ಕೆ ನೀರಿಡುವ ಸದ್ದು ಕೇಳಿಸಿತು.