ಅವ್ವ ಕೇಳದೆ ಬಿಟ್ಟ ಮಾತು

ನಾನು ಧ್ಯಾನ ಕಲಿಸುವವಳು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇದೆ. ಬೆಟಗೇರಿಯ ಓಣಿಯಲ್ಲಿ ನಳದ ನೀರಿಗೆ ಕೊಡ ಹಿಡಿದು ಜಗಳವಾಡಿ ಬೆಳೆದವಳಿಗೆ, ಬಿಳಿ ಸೀರೆ ಉಟ್ಟ ಮಾತ್ರಕ್ಕೆ ಶಾಂತಿ ಎಲ್ಲಿಂದ ಬರಬೇಕು? ಬಂದಿದೆ ಎಂದು ನಂಬಿ ನಮ್ಮ ಆಶ್ರಮದವರು ನನ್ನನ್ನು ಪೋಲೆಂಡಿಗೆ ಕಳಿಸಿದರು. ಆಗ ನನಗೆ ಇಪ್ಪತ್ತನಾಲ್ಕು. ದೀಕ್ಷೆಯಾಗಿ ಇನ್ನೂ ಆರು ತಿಂಗಳಾಗಿರಲಿಲ್ಲ.

ಅಲ್ಲಿ ಮೂರನೇ ಮಹಡಿಯ ಎರಡು ಕೋಣೆಗಳೇ ನಮ್ಮ ಕೇಂದ್ರ. ಇದ್ದವರು ನಾನು ಮತ್ತು ಲಾತೂರಿನ ಕಡೆಯ ಒಬ್ಬ ಹಿರಿಯ ಅಕ್ಕ. ನಸುಕಿನಲ್ಲೆದ್ದು ಧ್ಯಾನ, ಆಮೇಲೆ ಅಡುಗೆ, ಆಮೇಲೆ ಟ್ರಾಮ್ ಹತ್ತಿ ಪೇಟೆಯ ಚೌಕಕ್ಕೆ ಹೋಗಿ ಚೀಟಿ ಹಂಚುವುದು. "ಧ್ಯಾನ ಕಲಿಸುತ್ತೇವೆ, ಬನ್ನಿ" ಎಂದು ಅವರ ಭಾಷೆಯಲ್ಲಿ ಹೇಳಲು ನನಗೆ ಹದಿನೈದು ದಿನ ಹಿಡಿಯಿತು. ಜನ ನಗುತ್ತ ಚೀಟಿ ತೆಗೆದುಕೊಂಡು, ಹತ್ತು ಹೆಜ್ಜೆ ಮುಂದಿದ್ದ ಕಸದ ಡಬ್ಬಿಗೆ ಹಾಕಿ ಹೋಗುತ್ತಿದ್ದರು. ಅವರು ಮರೆಯಾದ ಮೇಲೆ ನಾನು ಅವನ್ನು ಆರಿಸಿ ತೆಗೆದು, ಝಾಡಿಸಿ, ಮತ್ತೆ ಹಂಚುತ್ತಿದ್ದೆ.

ಸಂಜೆಯ ತರಗತಿಗೆ ಐದಾರು ಜನ ಬರುತ್ತಿದ್ದರು. ಅವರಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜಿಯೂ ಒಬ್ಬಳು. ಕಣ್ಣು ಮುಚ್ಚಿದ ಎರಡೇ ನಿಮಿಷಕ್ಕೆ ಆಕೆಯ ಗೊರಕೆ ಶುರು. ಹೋಗುವಾಗ ನನ್ನ ಕೈ ಹಿಡಿದು, ಬಹಳ ಶಾಂತಿ ಸಿಕ್ಕಿತು ಎನ್ನುತ್ತಿದ್ದಳು. ಏನು ಹೇಳಲಿ!

ಪ್ರತಿ ಗುರುವಾರ ಆ ಅಜ್ಜಿ ಒಂದು ಗಾಜಿನ ಭರಣಿಯಲ್ಲಿ ಬಿಸಿ ಸೂಪು ತರುತ್ತಿದ್ದಳು. ಮಾಂಸ ಹಾಕಿಲ್ಲ ಎಂದು ಮೂರು ಮೂರು ಸಲ ಹೇಳುತ್ತಿದ್ದಳು. ನಾನು ಕೈಮುಗಿದು ಬೇಡ ಎನ್ನುತ್ತಿದ್ದೆ. ನಮ್ಮ ನೇಮವೇ ಹಾಗೆ. ದೀಕ್ಷೆಯಾದವರು ದೇವರ ನೆನಪಿನಲ್ಲಿ ತಾವೇ ಮಾಡಿದ್ದನ್ನೋ, ದೀಕ್ಷೆಯಾದ ಇನ್ನೊಬ್ಬರು ಮಾಡಿದ್ದನ್ನೋ ಮಾತ್ರ ಉಣ್ಣಬೇಕು. ಬೇರೆ ಯಾರ ಕೈ ಅಡುಗೆಯೂ ಆಗದು. ಭರಣಿ ಹಿಡಿದು ಮೆಟ್ಟಿಲಿಳಿಯುವ ಅಜ್ಜಿಯ ಬೆನ್ನು ನೋಡಿದಾಗಲೆಲ್ಲ ನನಗೆ ನಮ್ಮವ್ವನ ಬೆನ್ನು ನೆನಪಾಗುತ್ತಿತ್ತು.

ದೀಕ್ಷೆಯಾಗಿ ನಾನು ಮೊದಲ ಸಲ ಮನೆಗೆ ಹೋದ ದಿನದ ಮಾತದು. ಅಪ್ಪ ಮಗ್ಗದ ಮೇಲೆ ಕೂತಿದ್ದ. ಅವ್ವ ನೂಲು ಸುತ್ತುವುದನ್ನು ಬಿಟ್ಟೆದ್ದು, ತನ್ನ ತವರು ಹಮ್ಮಿಗಿಯಿಂದ ಬಂದ ಜೋಳದ ಹಿಟ್ಟಿನ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ತಾಟು ತಂದು ನನ್ನ ಮುಂದಿಟ್ಟಳು.

"ಅವ್ವಾ, ನಾ ಮಾಡ್ಕೊಂಡು ಉಣ್ತೇನಿ" ಎಂದೆ.

"ಯಾಕ? ನನ್ನ ಕೈಗೆ ಏನಾಗೈತಿ?"

ನಾನು ನೇಮ ಹೇಳಿದೆ. ಹೊಸ ದೀಕ್ಷೆಯ ಉಮೇದಿನಲ್ಲಿ ಪ್ರವಚನವನ್ನೇ ಮಾಡಿದೆ ಅನ್ನಿ. ಅಡುಗೆ ಮಾಡುವವರ ಮನಸ್ಸಿನಲ್ಲಿ ಇದ್ದದ್ದೆಲ್ಲ ಉಣ್ಣುವವರ ಮನಸ್ಸಿಗೂ ಇಳಿಯುತ್ತದೆ ಎಂದೆ. ಅವ್ವ ಪೂರ್ತಿ ಕೇಳಿದಳು. "ಹಂಗಾರ ನನ್ನ ಮನಸ್ಸಿನ್ಯಾಗ ಏನಿತ್ತಂತ ತಿಳ್ದಿ?" ಎಂದವಳೇ ತಾಟೆತ್ತಿಕೊಂಡು ಒಳಗೆ ಹೋದಳು. ಹುಟ್ಟಿದಂದಿನಿಂದ ತುತ್ತಿಟ್ಟ ಕೈಗೆ ನಾನು ಪಾಠ ಹೇಳಿದ್ದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ!

ಆ ದಿನದಿಂದ ಅವ್ವ ಒಂದು ಮಾತು ಕೇಳುವುದನ್ನೇ ಬಿಟ್ಟಳು. ನಮ್ಮ ಕಡೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾದವರೂ ಮೊದಲು ಕೇಳುವುದು "ಊಟ ಆತೇನ್ರಿ?" ಎಂದು. ರವಿವಾರಕ್ಕೊಮ್ಮೆ ನಾನು ಪೋಲೆಂಡಿನಿಂದ ಫೋನ್ ಮಾಡಿದರೆ ಅವ್ವ ಎಲ್ಲ ಮಾತನಾಡುತ್ತಿದ್ದಳು. ಶಿಗ್ಲಿಯ ಸಣ್ಣವ್ವನ ಮಗಳು ಹಡೆದ ಖಬರ, ಲಕ್ಷ್ಮೇಶ್ವರದ ಮದುವೆಯ ಖಬರ, ಅಲ್ಲಿ ಥಂಡಿ ಎಷ್ಟು, ಕಾಲುಚೀಲ ಹಾಕಿಕೊಳ್ಳುತ್ತೀಯೋ ಇಲ್ಲವೋ. ಊಟದ ಮಾತಿಲ್ಲ. ನಾನೇ ದಾರಿ ಮಾಡಿಕೊಡುತ್ತಿದ್ದೆ. "ಈಗಷ್ಟ ಕೈ ತೊಳ್ಕೊಂಡೆ ಅವ್ವಾ" ಎನ್ನುತ್ತಿದ್ದೆ. "ಹೌದಾ? ಆತು ಬಿಡು" ಎಂದು ಅವಳು ಅಪ್ಪನ ಮೊಣಕಾಲು ನೋವಿಗೆ ಹೊರಳುತ್ತಿದ್ದಳು. ಫೋನಿಟ್ಟು, ಕಿಟಕಿಯಾಚೆ ಬೀಳುವ ಹಿಮ ನೋಡುತ್ತ, ಆ ಎರಡು ಪದಕ್ಕಾಗಿ ನಾನು ಒಳಗೊಳಗೇ ಹಂಬಲಿಸುತ್ತಿದ್ದೆ. ಮೋಹ ಬಿಡಿ ಎಂದು ಸಂಜೆ ಐದು ಜನಕ್ಕೆ ಕಲಿಸುವವಳೂ ನಾನೇ.

ಮೂರನೇ ವರ್ಷದ ಚಳಿಗಾಲದಲ್ಲಿ ಹಿರಿಯ ಅಕ್ಕ ಬೇರೆ ಊರಿನ ಕೇಂದ್ರಕ್ಕೆ ಹೋಗಿದ್ದಾಗ ನನಗೆ ಜ್ವರ ಬಂತು. ಮೂರು ದಿನ ಏಳಲಾಗಲಿಲ್ಲ, ಒಲೆ ಹಚ್ಚಲಿಲ್ಲ. ತರಗತಿ ನಡೆಯದ್ದು ಕಂಡು ಅಜ್ಜಿ ಮೇಲೆ ಹತ್ತಿ ಬಂದಳು. ನನ್ನ ಹಣೆ ಮುಟ್ಟಿ ನೋಡಿ ಬೈಯತೊಡಗಿದಳು. ಪದ ತಿಳಿಯದಿದ್ದರೂ ಬೈಗುಳ ಎಂಬುದು ತಿಳಿಯಿತು. ಕೆಳಗಿಳಿದು ಹೋಗಿ ಅದೇ ಭರಣಿ ತಂದಳು. ಗಜ್ಜರಿ, ಬಟಾಟಿ, ಉಳ್ಳಾಗಡ್ಡಿ ಹಾಕಿದ ಸೂಪು. ಚಮಚೆಯನ್ನು ಬಾಯಿಗೆ ಹಿಡಿದಳು. ನಾನು ಬಾಯಿ ತೆರೆದೆ.

ಭರಣಿ ಖಾಲಿಯಾಗುವವರೆಗೆ ಉಂಡೆ. ಆಮೇಲೆ ಗೊಳೋ ಎಂದು ಅತ್ತೆ. ಜ್ವರಕ್ಕೆ ಅಳುತ್ತಾಳೆ ಎಂದುಕೊಂಡು ಅಜ್ಜಿ ಬೆನ್ನು ಸವರಿದಳು. ನೇಮ ಮುರಿಯಿತಲ್ಲ ಎಂದು ನಾನು ಅತ್ತದ್ದಲ್ಲ. ಇಷ್ಟು ದಿನದ ಮೇಲೆ ದೀಕ್ಷೆಯಿಲ್ಲದವರ ಕೈಯಲ್ಲಿ ಉಂಡಿದ್ದೆ, ಆ ಕೈ ಅವ್ವನದಾಗಿರಲಿಲ್ಲ. ಅದಕ್ಕೇ ಅತ್ತೆ. ಹಿರಿಯ ಅಕ್ಕ ಮರಳಿದ ಮೇಲೆ ಎಲ್ಲ ಹೇಳಿದೆ. ಜಡ್ಡಿನಲ್ಲಿ ಆದದ್ದು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ನಾನು ಹಚ್ಚಿಕೊಂಡೆ.

ಮರುವರ್ಷ ಎಂಟು ದಿನದ ರಜೆ ಸಿಕ್ಕಿತು. ಗದಗ ಸ್ಟೇಷನ್ನಿನಿಂದ ಬೆಟಗೇರಿಗೆ ಆಟೋದಲ್ಲಿ ಬರುವಾಗ ತಲೆಯಲ್ಲಿ ಒಂದೇ ವಿಚಾರ. ಏನಾದರಾಗಲಿ, ಈ ಸಲ ಅವ್ವನ ಕೈಯಲ್ಲೇ ಉಣ್ಣುವುದು. ಮನೆ ಮುಟ್ಟಿದವಳು ಕೈಕಾಲು ತೊಳೆದು ಸೀದಾ ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತೆ.

"ಅವ್ವಾ, ಹಸಿವ್ಯಾಗೈತಿ. ಊಟಕ್ಕ ನೀಡು."

ಅವ್ವ ಗಾಬರಿಯಿಂದ ನೋಡಿದಳು. ನಾನು ಸೂಪಿನ ಕತೆಯೆಲ್ಲ ಹೇಳಿ, "ಆ ಅಜ್ಜಿ ಕೈಯಾಗ ಉಂಡೇನಿ. ನಿನ್ನ ಕೈಯಾಗ ಯಾಕ ಉಣಬಾರದು? ಇಲ್ಲಿ ಯಾರ್ ನೋಡ್ತಾರ?" ಎಂದೆ.

"ಬ್ಯಾಡ" ಎಂದಳು ಅವ್ವ. "ಜಡ್ಡಾಗ ಉಂಡಿದ್ದು ಬ್ಯಾರೆ. ಆಕಿ ಪುಣ್ಯಾತಗಿತ್ತಿ, ನಿನ್ನ ಉಳಿಸ್ಯಾಳ. ಆದರ ನಾಕ ಮಂದಿ ಮುಂದ ಕುಂತು ನೀ ಹೇಳೂ ಮಾತು ನನ್ನ ಅಡಿಗಿಮನ್ಯಾಗ ಸುಳ್ಳ ಆಗಬಾರದು."

ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಒಂದು ಗಂಟು ಇಳಿಸಿದಳು. ಬಿಚ್ಚಿದರೆ ರೊಟ್ಟಿ ಬೇಯಿಸುವ ಒಂದು ಹೊಸ ಹಂಚು, ಹಿಟ್ಟು ನಾದುವ ಒಂದು ಪರಾತ, ಎರಡು ಪಾತ್ರೆ, ಒಂದು ಸೌಟು. ನಾನು ಪರದೇಶಕ್ಕೆ ಹೋದ ತಿಂಗಳೇ ಕೊಂಡು ತಂದವಂತೆ. ಯಾರೂ ಮುಟ್ಟದಂತೆ ಕಟ್ಟಿಟ್ಟಿದ್ದಳಂತೆ.

"ಯಾವಾಗರ ಬರ್ತಿ ಅಂತ ಇಟ್ಟಿದ್ನಿ. ಮಾಡ್ಕೊ" ಎಂದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಇಷ್ಟ ಮಾಡಾಕಿ, ಊಟ ಆತೇನು ಅಂತ ಒಂದ ಮಾತು ಯಾಕ ಕೇಳಲಿಲ್ಲ ನೀ?" ಎಂದು ಕೂಗಿಯೇಬಿಟ್ಟೆ. ಪಕ್ಕದ ಕೋಣೆಯಲ್ಲಿ ಅಪ್ಪನ ಮಗ್ಗದ ಸದ್ದು ನಿಂತಿತು.

ಅವ್ವ ಸೆರಗಿನಿಂದ ಪಾತ್ರೆ ಒರೆಸುತ್ತಿದ್ದಳು. "ಕೇಳಿದರ ನೀ, ನಾನ ಮಾಡ್ಕೊಂಡು ಉಂಡೆ ಅಂತಿದ್ದಿ. ಅದನ್ನ ಕೇಳಾಕ ನನಗ ಆಗ್ತಿದ್ದಿಲ್ಲವಾ" ಎಂದಳು.

ನಾನು ಎದ್ದು ಆ ಹೊಸ ಹಂಚು ತೊಳೆದೆ. ಒಲೆ ಹಚ್ಚಿದೆ. ನಾಲ್ಕು ವರ್ಷ ಚಪಾತಿ ಲಟ್ಟಿಸಿದ ಕೈಗೆ ರೊಟ್ಟಿ ಬಡಿಯುವ ರೂಢಿ ತಪ್ಪಿತ್ತು, ಎಲ್ಲದರ ಅಂಚೂ ಒಡೆಯಿತು. ಬದನೆಕಾಯಿ ಪಲ್ಯ ಮಾಡಿ ಎರಡು ತಾಟಿಗೆ ಬಡಿಸಿದೆ. ಅವ್ವ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

"ಯವ್ವಾ, ಉಪ್ಪಿಲ್ಲ ಖಾರ ಇಲ್ಲ. ಇದನ್ನ ಉಂಡು ಬದುಕಿದೇನ ಅಲ್ಲಿ?"

ಎದ್ದು ಹೋಗಿ ಉಪ್ಪಿನ ಡಬ್ಬಿ ತಂದಳು. ಮುಚ್ಚಳ ತೆಗೆದು ಕೈ ಹಾಕಿದವಳು ಹಾಗೇ ತಡೆದು ನನ್ನ ಮುಖ ನೋಡಿದಳು.

"ಉಪ್ಪು ಅಡಿಗಿ ಅಲ್ಲಲ್ಲ? ಇದಕ್ಕ ನಿಮ್ಮ ನೇಮ ಇಲ್ಲಲ್ಲ?"

"ಇಲ್ಲ" ಎಂದೆ. ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ.

ಅವ್ವ ನನ್ನ ತಾಟಿನ ಅಂಚಿಗೆ ಒಂದು ಚಿಟಿಕೆ ಉಪ್ಪು ಹಾಕಿದಳು. ನಾನು ಪಲ್ಯ ಬಿಟ್ಟು, ಆ ಉಪ್ಪನ್ನೇ ರೊಟ್ಟಿಗೆ ಹಚ್ಚಿಕೊಂಡು ಉಂಡೆ. ಒಂದು ಹರಳೂ ಉಳಿಯದಂತೆ ಉಂಡು, ತಾಟನ್ನು ಅವಳ ಮುಂದೆ ಹಿಡಿದೆ.

"ಇನ್ನೊಂಚೂರ ಹಾಕು ಅವ್ವಾ."