ಒಂದು ಕೈಯ ಬ್ಲೌಸ್

ಮೊದಲೇ ಹೇಳಿಬಿಡುತ್ತೇನೆ, ನಾನು ಆ ಮನೆಗೆ ಹೋದದ್ದು ಜಗಳ ಆಡಲು. ಈಗ ಯಾರ್ಯಾರೋ ಅಂಗಡಿಗೆ ಬಂದು ನಿಮ್ಮದು ದೊಡ್ಡ ಮನಸ್ಸು ಅನ್ನುತ್ತಾರೆ. ಒಬ್ಬರಂತೂ ಶಾಲು ಹೊದಿಸಿ ಫೋಟೊ ಹೊಡೆಸಿಕೊಂಡು ಹೋದರು. ಆ ಶಾಲಿನ ಅಂಚು ಹೊಲಿದ ಪುಣ್ಯಾತ್ಮ ಯಾರೋ, ಎರಡೇ ದಿನಕ್ಕೆ ಬಿಚ್ಚಿಕೊಂಡಿತು. ಪ್ರತಿ ಗುರುವಾರ ಬೆಳಗ್ಗೆ ಬೇರೆ ಕೆಲಸ ಬದಿಗಿಟ್ಟು, ಕೈ ಬಿದ್ದವರಿಗೆ, ಭುಜ ಎತ್ತಲಾಗದವರಿಗೆ ಬ್ಲೌಸ್ ಹೊಲಿಯುತ್ತೇನೆ ಅನ್ನುವುದು ನಿಜ. ಆದರೆ ಅದು ಶುರುವಾದದ್ದು ದೊಡ್ಡ ಮನಸ್ಸಿನಿಂದಲ್ಲ, ಕೆಟ್ಟ ಸಿಟ್ಟಿನಿಂದ.

ಶಿರಾ ಗೇಟ್ ಹತ್ತಿರ ನನ್ನದು ಲೇಡೀಸ್ ಟೈಲರ್ ಅಂಗಡಿ. ಒಂದು ಷಟರ್, ಎರಡು ಮಿಷನ್ನು, ಒಂದು ಇಸ್ತ್ರಿ ಟೇಬಲ್ಲು, ಜೊತೆಗೆ ನನ್ನ ಬಾಯಿ. ಹೊಲಿಗೆ ಚೆನ್ನಾಗಿದೆ, ಮಾತು ಒರಟು ಅಂತ ಜನ ಹೇಳುತ್ತಾರೆ, ಎರಡೂ ಸರಿ. ಫೋನಿನಲ್ಲಿ ಯಾವುದೋ ಹೀರೋಯಿನ್ನಿನ ಬೆನ್ನು ತೋರಿಸಿ ಇದೇ ಥರ ಬೇಕು ಅಂದವರಿಗೆ, ಬೆನ್ನೂ ಇದೇ ಥರ ಇರಬೇಕಮ್ಮ ಅಂದು ಗಿರಾಕಿ ಕಳೆದುಕೊಂಡವನು ನಾನು. ಏನು ಮಾಡಲಿ, ಹೊಲಿಗೆ ಅಂದರೆ ನನಗೆ ಹುಚ್ಚು. ಬಸ್ಸಿನಲ್ಲಿ ಮುಂದಿನ ಸೀಟಿನವರ ಕುತ್ತಿಗೆ ಪಟ್ಟಿ ಸೊಟ್ಟಗಿದ್ದರೆ ಗುಬ್ಬಿ ಸ್ಟಾಪ್ ಬರುವ ತನಕ ನನಗೆ ನೆಮ್ಮದಿ ಇರುವುದಿಲ್ಲ. ಹಾಗೆ ದಿಟ್ಟಿಸಿಕೊಂಡು ಕೂತದ್ದಕ್ಕೆ ಕಂಡಕ್ಟರ್ ಒಮ್ಮೆ ನನ್ನನ್ನು ಎಬ್ಬಿಸಿ ಡ್ರೈವರ್ ಪಕ್ಕಕ್ಕೆ ಕಳಿಸಿದ್ದ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಗಂಡಸು ಟೈಲರ್ ಹೆಂಗಸರ ಮೈಗೆ ಟೇಪ್ ಹಿಡಿಯುವುದಿಲ್ಲ. ತಮಗೆ ಸರಿಯಾಗಿ ಕೂರುವ ಹಳೇ ಬ್ಲೌಸ್ ಒಂದನ್ನು ಅವರು ತಂದುಕೊಡುತ್ತಾರೆ, ಅದಕ್ಕೆ ಅಳತೆ ಬ್ಲೌಸ್ ಅನ್ನುತ್ತೇವೆ. ಅದನ್ನು ಟೇಬಲ್ಲಿನ ಮೇಲೆ ಹರಡಿ, ಅದರ ಪ್ರಕಾರ ಹೊಸದನ್ನು ಕತ್ತರಿಸುವುದು. ಮೂರನೇ ಕ್ಲಾಸಿನಲ್ಲಿ ನನಗೆ ಪಾಠ ಹೇಳಿದ ಟೀಚರಿಗೆ ಮೂವತ್ತು ವರ್ಷದಿಂದ ನಾನೇ ಬ್ಲೌಸ್ ಹೊಲಿಯುತ್ತಿದ್ದೇನೆ, ಎಲ್ಲವೂ ಅಳತೆ ಬ್ಲೌಸ್ ನೋಡಿಯೇ. ಅವರದು ಲಿಂಗಾಯತರ ಮನೆ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬೆತ್ತ. ಏಳರ ಮಗ್ಗಿ ತಪ್ಪಿದ್ದಕ್ಕೆ ಬಿದ್ದ ಏಟಿನ ಉರಿ ಈಗಲೂ ಅಂಗೈಯಲ್ಲಿದೆ. ರಿಟೈರಾದ ಮೇಲೂ ಅವರು ಅಂಗಡಿಗೆ ಬಂದರೆ ನಾನು ಮಿಷನ್ ಬಿಟ್ಟು ಎದ್ದು ನಿಲ್ಲುತ್ತಿದ್ದೆ.

ಒಂದು ಬೆಳಗ್ಗೆ ಟೀಚರ ಸೊಸೆ ಬಂದರು. ಅವರಿಗೆ ಗುಬ್ಬಿಯಲ್ಲಿ ಕೆಲಸ, ಬಸ್ಸಿನ ಅವಸರ.

"ಭಾಯ್, ಅತ್ತೆ ಕೊಟ್ಟಿದ್ರಲ್ಲ ಬ್ಲೌಸ್ ಪೀಸು, ಅದನ್ನ ಹೊಲೀಬೇಡಿ. ಹಂಗೇ ವಾಪಸ್ ಕೊಡ್ಬೇಕಂತೆ."

"ಯಾಕಮ್ಮ?"

"ಇನ್ಮೇಲೆ ಹೊಲಿಸೋದೇ ಇಲ್ವಂತೆ," ಅಂದವರೇ ಆಟೋ ಹತ್ತಿದರು.

ಟೀಚರಿಗೆ ಐದು ತಿಂಗಳ ಹಿಂದೆ ಲಕ್ವ ಹೊಡೆದದ್ದು ನನಗೆ ಗೊತ್ತಿತ್ತು. ಈಗ ಓಡಾಡುತ್ತಾರೆ ಅಂತಲೂ ಕೇಳಿದ್ದೆ. ಆ ಪೀಸುಗಳು ನನ್ನ ಹತ್ತಿರ ಆರು ತಿಂಗಳಿಂದ ಬಿದ್ದಿದ್ದವು ಅನ್ನುವುದು ಬೇರೆ ಮಾತು, ಯಾವ ಟೈಲರ್ ಹೇಳಿದ ದಿನಕ್ಕೆ ಕೊಟ್ಟಿದ್ದಾನೆ? ಬೇರೆ ಯಾವನನ್ನೋ ಹಿಡಿದಿದ್ದಾರೆ ಅಂತ ನನ್ನ ತಲೆಗೆ ಹೊಕ್ಕಿತು. ಮೂವತ್ತು ವರ್ಷ ಹೊಲಿದವನಿಗೆ ಒಂದು ಮಾತು ಹೇಳದೆ ಪೀಸು ವಾಪಸ್ ಕೇಳುವುದೆಂದರೇನು? ಭಾನುವಾರ ಬರುವ ತನಕ ಮನಸ್ಸಿನಲ್ಲೇ ಜಗಳ ಆಡಿ ಆಡಿ, ಪೀಸುಗಳನ್ನು ಕವರಿಗೆ ತುರುಕಿಕೊಂಡು ಉಪ್ಪಾರಹಳ್ಳಿಯ ಅವರ ಮನೆಗೆ ಹೋದೆ.

ಸೊಸೆ ಬಾಗಿಲು ತೆಗೆದರು. ಒಳಗಿನ ರೂಮಿಗೆ ಪರದೆ ಎಳೆದಿತ್ತು. ಅದರ ಹಿಂದಿನಿಂದ ಟೀಚರ ದನಿ ಬಂತು.

"ಯಾರೇ ಅದು?"

"ಟೈಲರ್ ಭಾಯಿ, ಅತ್ತೆ."

"ನಾನು ಮನೇಲಿಲ್ಲ ಅಂತ ಹೇಳು."

ಸೊಸೆ ನನ್ನ ಕಡೆ ತಿರುಗಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, "ಅತ್ತೆ ಮನೇಲಿಲ್ಲ ಭಾಯ್," ಅಂದರು.

ನಾನೂ ಬಿಡಲಿಲ್ಲ. "ಎಲ್ಲಿಗೆ ಹೋಗವ್ರೆ?"

"ಕುಣಿಗಲ್‌ಗೆ," ಅಂದಿತು ಪರದೆ.

"ಯಾವಾಗ ಬರ್ತಾರೆ?"

"ಹೋದ್ರೆ ತಾನೆ ಬರೋದು," ಅಂದರು ಟೀಚರ್. ಬೆತ್ತ ಹಿಡಿದ ಕಾಲದಿಂದ ಕೇಳಿದ ಆ ದನಿ ನಡುಗಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಜಗಳ ಬಾಯಲ್ಲೇ ಉಳಿಯಿತು. ಪರದೆಯ ಆಚೆ ಅವರು, ಈಚೆ ಕುರ್ಚಿಯ ತುದಿಯಲ್ಲಿ ನಾನು. ಅವರೇ ಹೇಳಿದರು. ಇನ್ನು ಇಪ್ಪತ್ತು ದಿನಕ್ಕೆ ಕುಣಿಗಲ್ಲಿನಲ್ಲಿ ತಂಗಿಯ ಹೊಸ ಮನೆ ಗೃಹಪ್ರವೇಶ. ತಂಗಿಯನ್ನು ಎತ್ತಿ ಆಡಿಸಿದ್ದು, ಓದಿಸಿದ್ದು, ಮದುವೆ ಮಾಡಿದ್ದು ಎಲ್ಲ ಇವರೇ. ಅಕ್ಕ ಬಂದು ಹೊಸ್ತಿಲು ದಾಟದೆ ಹಾಲು ಉಕ್ಕಿಸುವುದಿಲ್ಲ ಅಂತ ತಂಗಿ ಹಠ ಹಿಡಿದಿದ್ದಾರೆ. ಇವರು ಹೋಗುವುದಿಲ್ಲ ಅಂತ ಹಠ ಹಿಡಿದಿದ್ದಾರೆ.

"ಬಲಗೈ ಬಿದ್ದೋಗಿದೆ ಕಣೋ. ಐದು ತಿಂಗಳಿಂದ ನೈಟೀಲಿದೀನಿ. ನೈಟಿ ಹಾಕ್ಕೊಂಡು ಹೊಸ ಮನೆಗೆ ಹೋಗ್ಲಾ?"

"ಸೊಸೆಯವ್ರು ಬ್ಲೌಸ್ ಹಾಕ್ಕೊಡ್ತಾರಲ್ಲ ಟೀಚರ್."

"ಸೀರೆ ಬೇಕಾದ್ರೆ ಉಡಿಸ್ಲಿ. ಮದುವೆ ಹೆಣ್ಣಿಗೂ ಇನ್ನೊಬ್ರೇ ಉಡಿಸ್ತಾರೆ. ಬ್ಲೌಸ್ ಹುಕ್ಕು ಇನ್ನೊಬ್ರು ಹಾಕೋದು ಇಬ್ರಿಗೇ. ಕೂಸಿಗೆ, ಇಲ್ಲಾ ಹೆಣಕ್ಕೆ. ನಾನು ಕೂಸಲ್ಲ."

ಕವರನ್ನು ಎದೆಗೆ ಒತ್ತಿಕೊಂಡು ಎದ್ದೆ. "ಪೀಸು ವಾಪಸ್ ಕೊಡಲ್ಲ ಟೀಚರ್. ಒಂದೇ ಕೈಲಿ ಹಾಕ್ಕೊಳೋ ಬ್ಲೌಸು ಹೊಲ್ಕೊಡ್ತೀನಿ," ಅಂದೆ. ಹೇಗೆ ಅನ್ನುವುದು ನನಗೇ ಗೊತ್ತಿರಲಿಲ್ಲ.

"ಇದಕ್ಕೂ ಆರು ತಿಂಗಳೋ?" ಅಂದಿತು ಪರದೆ.

ಮನೆಗೆ ಬಂದವನೇ ಬಾಗಿಲು ಮುಂದೆ ಮಾಡಿ, ಬಲಗೈಯನ್ನು ಇಂಚ್ ಟೇಪಿನಲ್ಲಿ ಸೊಂಟಕ್ಕೆ ಕಟ್ಟಿಕೊಂಡೆ. ಹೆಂಡತಿಯ ಹಳೇ ಬ್ಲೌಸ್ ಒಂದನ್ನು ಅಂಗಿಯ ಮೇಲೇ ಏರಿಸಿ, ಎಡಗೈಯೊಂದರಲ್ಲೇ ಹುಕ್ ಹಾಕಲು ನೋಡಿದೆ. ಹುಕ್ಕು ಸಿಕ್ಕಿದರೆ ಪಟ್ಟಿ ಜಾರುತ್ತದೆ, ಪಟ್ಟಿ ಹಿಡಿದರೆ ಹುಕ್ಕು ಓಡುತ್ತದೆ. ಕೊನೆಗೆ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಗ್ಗಿ ನಿಂತಿದ್ದಾಗ ನನ್ನ ಹೆಂಡತಿ ತನ್ನ ಅಕ್ಕನನ್ನು ಕರೆದುಕೊಂಡು ಒಳಗೆ ಬಂದಳು.

ಮನೆಯಲ್ಲಿ ನಾವು ಆಡುವುದು ಉರ್ದು. ಸಿಟ್ಟು ತಲೆಗೇರಿದಾಗ ಮಾತ್ರ ಅವಳು ಕನ್ನಡಕ್ಕೆ ಬರುತ್ತಾಳೆ. ಅವತ್ತು ಬಾಗಿಲಲ್ಲೇ ಕನ್ನಡಕ್ಕೆ ಬಂದಳು.

"ಏನ್ರೀ ಬಂದಿರೋದು ನಿಮಗೆ?"

ಹಲ್ಲಿನ ನಡುವೆ ಪಟ್ಟಿ ಇದ್ದುದರಿಂದ ನಾನು ಕೊಟ್ಟ ಉತ್ತರ ಯಾರಿಗೂ ಅರ್ಥವಾಗಲಿಲ್ಲ. ಅಕ್ಕ ಚಹಾ ಕುಡಿಯದೆ ಹೋದಳು. ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಹೆಂಡತಿ ಉರ್ದುವಿಗೆ ಮರಳಿದಳು. ಅಕ್ಕ ಮಾತ್ರ ಇವತ್ತಿಗೂ ನನ್ನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಹೋಗುತ್ತಾಳೆ.

ಮೊದಲ ಬ್ಲೌಸಿಗೆ ವೆಲ್‌ಕ್ರೋ ಹಾಕಿದೆ, ಸ್ಕೂಲ್ ಬ್ಯಾಗಿಗೆ ಹಾಕುವುದು. ಒತ್ತಿದರೆ ಅಂಟುತ್ತದೆ, ಎಳೆದರೆ ಚರ್ ಅನ್ನುತ್ತದೆ. ಇದಕ್ಕಿಂತ ಸುಲಭ ಇನ್ನೇನು ಅಂತ ಮೀಸೆ ತಿರುವಿ ಕಳಿಸಿದೆ. ಮೂರನೇ ದಿನ ಸೊಸೆ ವಾಪಸ್ ತಂದರು. "ನಾನೇ ಅವ್ರ ಕೈನ ತೋಳಿಗೆ ತೂರಿಸಿ ಒಂದ್ಸಲ ಹಾಕಿ ನೋಡಿದ್ವಿ ಭಾಯ್. ಅತ್ತೆ ಸೀನಿದ್ರು. ಪೂರ್ತಿ ಬಿಚ್ಕೊಳ್ತು."

ನಾನು ಹೊಲಿದ ಬ್ಲೌಸ್ ವಾಪಸ್ ಬಂದದ್ದು ಅದೇ ಮೊದಲು. ಅವತ್ತು ಊಟ ಸೇರಲಿಲ್ಲ. ಗೃಹಪ್ರವೇಶಕ್ಕೆ ಹದಿಮೂರು ದಿನ ಉಳಿದಿತ್ತು.

ಯೋಚಿಸಿ ಯೋಚಿಸಿ ಹೊಳೆದದ್ದು ಪ್ಯಾಂಟಿನ ಹುಕ್ಕು. ಅಗಲವಾಗಿ, ಚಪ್ಪಟೆಯಾಗಿ ಇರುತ್ತದೆ, ಎಳೆದು ತಗುಲಿಸಿದರೆ ಕೂತುಬಿಡುತ್ತದೆ, ಗಂಡಸರು ಒಂದು ಕೈಯಲ್ಲಿ ಫೋನ್ ಹಿಡಿದುಕೊಂಡೇ ಹಾಕಿಕೊಳ್ಳುತ್ತಾರೆ. ಆದರೆ ಆ ಹುಕ್ಕಿನ ಮರ್ಮ ಗೊತ್ತಿದ್ದದ್ದು ಪಕ್ಕದ ಅಂಗಡಿಯ ಜೆಂಟ್ಸ್ ಟೈಲರಿಗೆ. ಅವನ ಬೋರ್ಡು ನನ್ನ ಬೋರ್ಡಿಗೆ ಅಡ್ಡ ಬಂದಿದೆ ಅಂತ ನಾಲ್ಕು ವರ್ಷದಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ. ಪ್ಯಾಂಟ್ ಹೊಲಿಯುವುದೂ ಒಂದು ಹೊಲಿಗೆಯಾ, ಎರಡು ಚೀಲ ಜೋಡಿಸಿದರೆ ಆಯಿತು ಅಂತ ನಾನು ಎಲ್ಲರ ಎದುರು ಅಂದದ್ದೂ ಇತ್ತು. ಮುಖ ಗೋಡೆಗೆ ಮಾಡಿಕೊಂಡು ಹೋಗಿ ನಿಂತೆ. ಅವನು ಕತ್ತರಿ ಕೆಳಗಿಡದೆ ಎಲ್ಲ ಕೇಳಿಸಿಕೊಂಡು, "ಕೊನೆಗೂ ಚೀಲ ಹೊಲಿಯೋನ್ ಹತ್ರಾನೇ ಬಂದ್ಯಲ್ಲಪ್ಪ," ಅಂದ. ಆಮೇಲೆ ಒಂದು ಹಿಡಿ ಹುಕ್ಕು ಕೊಟ್ಟು, ಎಡಗೈಯವರಿಗಾದರೆ ಪಟ್ಟಿ ಯಾವ ಕಡೆ ತಿರುಗಿಸಬೇಕು ಅಂತ ಒಂದು ಗಂಟೆ ಕೂತು ತೋರಿಸಿದ. ಆ ಮನುಷ್ಯನ ಮೇಲೆ ಸಿಟ್ಟು ಇಟ್ಟುಕೊಳ್ಳಲು ಆಮೇಲೆ ಬಹಳ ಕಷ್ಟವಾಯಿತು.

ಎರಡನೇ ಬ್ಲೌಸೂ ವಾಪಸ್ ಬಂತು. ಈ ಸಲ ಅದರೊಳಗೆ ಒಂದು ಚೀಟಿ. ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರ: "ತೋಳೇ ಏರುವುದಿಲ್ಲ. ಸಾಕು ಬಿಡು."

ನನಗೆ ಸಿಟ್ಟು ನೆತ್ತಿಗೇರಿತು. ಏರುವುದಿಲ್ಲ ಅಂದರೆ? ಅಳತೆ ಬ್ಲೌಸ್ ತೆಗೆದೆ, ಟೇಪ್ ಹಿಡಿದೆ, ನೂಲಿನಷ್ಟೂ ಹೆಚ್ಚು ಕಡಿಮೆ ಇಲ್ಲ. ಹೆಂಡತಿಯ ಮುಂದೆ ಎರಡನ್ನೂ ಹಾಸಿ, "ನೋಡು ಕಣೇ, ಅಳತೆ ಕರೆಕ್ಟಾಗಿದೆ, ಟೀಚರಿಗೇ ಹಾಕ್ಕೊಳೋಕೆ ಬರ್ತಿಲ್ಲ," ಅಂದೆ. ಅವಳು ಟೇಪನ್ನು ಬ್ಯಾಗಿಗೆ ಹಾಕಿಕೊಂಡು, ಬುರ್ಖಾ ತೊಟ್ಟು, ಉಪ್ಪಾರಹಳ್ಳಿಗೆ ಹೊರಟಳು.

ಎರಡು ಗಂಟೆ ಬಿಟ್ಟು ಬಂದಳು. ಬಂದದ್ದು ಕನ್ನಡದಲ್ಲಿ.

"ಈ ಅಳತೆ ಬ್ಲೌಸು ಯಾವ ಕಾಲದ್ದು?"

"ಹೋದ ವರ್ಷದ್ದು."

"ಹೋದ ವರ್ಷ ಆಯಮ್ಮಂಗೆ ಎರಡು ಕೈ ಇದ್ವು. ಈಗ ಬಲಭುಜ ಎರಡಿಂಚು ಇಳಿದೈತೆ. ಕೈ ಮೇಲಕ್ಕೇ ಏಳಲ್ಲ. ಮುಂಗೈ ಊದ್ಕೊಂಡೈತೆ. ಅಂಥ ಕೈನ ನಿಮ್ಮ ಈ ಟೈಟ್ ತೋಳಲ್ಲಿ ಹೆಂಗ್ರೀ ತೂರಿಸ್ತಾರೆ? ಹದಿನೈದು ದಿನದಿಂದ ಹುಕ್ಕು ಹುಕ್ಕು ಅಂತ ಕೂತಿದೀರ. ಆಯಮ್ಮ ಹುಕ್ಕಿನ ಹತ್ರಾನೇ ಬಂದಿಲ್ಲ. ನೀವು ಹೊಲಿದಿದ್ದು ಟೀಚರಿಗಲ್ಲ, ಹಳೇ ಬ್ಲೌಸಿಗೆ."

ವೆಲ್‌ಕ್ರೋ ಬ್ಲೌಸಿನ ತೋಳಿಗೆ ಕೈ ತೂರಿಸಿದ್ದು ತಾನೇ ಅಂತ ಸೊಸೆ ಹೇಳಿದ್ದರು, ನನ್ನ ಕಿವಿಗೆ ಬಿದ್ದದ್ದು ಸೀನಿದ್ದು ಮಾತ್ರ. ಮೂವತ್ತು ವರ್ಷದಲ್ಲಿ ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಅಯ್ಯೋ ಪಾಪ ಅಂದುಕೊಂಡೇ ಹೊಲಿದೆ, ಆದರೆ ಪಾಪದವರ ಕೈ ಹೇಗಿದೆ ಅಂತ ಒಂದು ಸಲವೂ ಕೇಳಲಿಲ್ಲ. ಹೆಂಡತಿ ಬರೆದು ತಂದ ಅಳತೆ ಚೀಟಿಯನ್ನು ನನ್ನ ಮುಂದಿಟ್ಟಳು. ಆಮೇಲೆ ಶುರುವಾದ ಗುರುವಾರದ ಬ್ಲೌಸುಗಳಿಗೂ ಅಳತೆ ತೆಗೆಯುವವಳು ಅವಳೇ. ಅಳತೆ ಬ್ಲೌಸ್ ತಂದವರಿಗೆ ಅದನ್ನು ಹಾಗೇ ವಾಪಸ್ ಕೊಡುತ್ತಾಳೆ.

ಮೂರನೆಯದನ್ನು ಬೇರೆ ಥರ ಕತ್ತರಿಸಿದೆ. ಬಲತೋಳಿನ ಅಂಚುಗಳನ್ನು ಕೂಡಿಸಲೇ ಇಲ್ಲ. ಭುಜದಿಂದ ಕೆಳತನಕ ತೆರೆದಿಟ್ಟೆ. ಮಂಚದ ಮೇಲೆ ಕೂತು, ಬಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ತೋಳನ್ನು ಶಾಲಿನ ಹಾಗೆ ಅದರ ಮೇಲೆ ಹೊದಿಸಿಕೊಂಡು, ಎಡಗೈಯಿಂದ ಮೂರು ಪ್ಯಾಂಟ್ ಹುಕ್ಕು ಹಾಕಿಕೊಂಡರೆ ಆಯಿತು. ಮುಂಭಾಗಕ್ಕೂ ಅದೇ ಹುಕ್ಕು. ತೋಳಿನ ಅಂಚಿಗೆ ಜರಿ ಪೈಪಿಂಗ್ ಕೊಟ್ಟೆ, ಔಷಧಿ ಅಂಗಡಿಯಿಂದ ತಂದ ಹಾಗೆ ಕಾಣಬಾರದು ನೋಡಿ. ಅಂಗಡಿಯಲ್ಲಿ ನೇತುಹಾಕಿದ್ದಾಗ ಕಾಲೇಜು ಹುಡುಗಿಯೊಬ್ಬಳು, "ಅಂಕಲ್, ಈ ಡಿಸೈನ್ ನನಗೂ ಬೇಕು," ಅಂದಳು. ಮೊದಲ ಸಲ ಗಿರಾಕಿಯನ್ನು ಬೈಯದೆ ಕಳಿಸಿದೆ.

ಗೃಹಪ್ರವೇಶದ ಬೆಳಗ್ಗೆ ಕರೆಯದಿದ್ದರೂ ನಾವಿಬ್ಬರೂ ಉಪ್ಪಾರಹಳ್ಳಿಯಲ್ಲಿದ್ದೆವು. ಆಲ್ಟ್ರೇಷನ್ ಏನಾದರೂ ಬಂದರೆ ಅಂತ ಸೂಜಿ ದಾರ ಜೇಬಿನಲ್ಲಿತ್ತು. ಕಾರು ಬಾಗಿಲಲ್ಲಿ ನಿಂತಿತ್ತು. ಟೀಚರ್ ರೂಮಿನ ಚಿಲಕ ಹಾಕಿಕೊಂಡು ಒಳಗಿದ್ದರು. ಬ್ಲೌಸ್ ಆದ ಮೇಲೆ ಕರೀತೀನಿ, ಸೀರೆ ಉಡಿಸುವಿಯಂತೆ ಅಂತ ಸೊಸೆಗೆ ಹೇಳಿದ್ದರಂತೆ.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಒಳಗೆ ಏನೋ ಕೆಳಗೆ ಬಿತ್ತು. ಸೊಸೆ ಬಾಗಿಲು ತಟ್ಟಲು ಕೈ ಎತ್ತಿದರು. "ತಟ್ಬೇಡಿ ಅಮ್ಮ," ಅಂದೆ. ಕುಣಿಗಲ್ಲಿನಿಂದ ತಂಗಿಯ ಫೋನು ಮೂರನೇ ಸಲ ಬಂತು. ಮೂವತ್ತೈದು ನಿಮಿಷಕ್ಕೆ ಚಿಲಕ ತೆಗೆದ ಸದ್ದಾಯಿತು. ಸೊಸೆ ಒಳಗೆ ಓಡಿ ಸೀರೆ ಉಡಿಸಿದರು.

ಟೀಚರ್ ಹೊರಗೆ ಬಂದರು. ವಿಭೂತಿ, ರೇಷ್ಮೆ ಸೀರೆ, ಜರಿ ಪೈಪಿಂಗಿನ ಬ್ಲೌಸ್. ಐದು ತಿಂಗಳ ಮೇಲೆ ಪರದೆಯ ಈಚೆಗೆ. ನಾನು ಎದ್ದು ನಿಂತೆ. ನಿಂತವನ ಕಣ್ಣು ಹಾಳಾದ್ದು ಮೊದಲು ಹೋದದ್ದು ಬಲತೋಳಿಗೆ. ಮೇಲಿನ ಹುಕ್ಕು ತನ್ನ ಮನೆ ಬಿಟ್ಟು ಎರಡನೇ ಹುಕ್ಕಿನ ಮನೆಗೆ ಬಿದ್ದಿತ್ತು. ಅಷ್ಟಕ್ಕೇ ಇಡೀ ತೋಳು ತಿರುಚಿಕೊಂಡು, ಭುಜದ ಹತ್ತಿರ ಬಟ್ಟೆ ಗುಡ್ಡೆಯಾಗಿ ನಿಂತಿತ್ತು. ಸೆರಗು ಎಡಕ್ಕೆ, ಬಲತೋಳು ಊರಿಗೆಲ್ಲ ಕಾಣುತ್ತದೆ. ಕುಣಿಗಲ್ಲಿನ ಅಷ್ಟು ಜನದ ಮುಂದೆ ನನ್ನ ಹೊಲಿಗೆ. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಹೆಂಡತಿ ಹಿಂದಿನಿಂದ ಸೊಂಟ ಚಿವುಟಿದಳು. ಕೈ ಹಿಂದಕ್ಕೆ ತೆಗೆದೆ.

"ಹೆಂಗಿದೆಯೋ?" ಅಂದರು ಟೀಚರ್.

"ಸರಿಯಾಗಿದೆ ಟೀಚರ್."

ಅವರು ನನ್ನನ್ನೇ ನೋಡಿದರು, ಮಗ್ಗಿ ತಪ್ಪಿದಾಗ ನೋಡುತ್ತಿದ್ದ ಹಾಗೆ.

"ಸುಳ್ಳು ಹೇಳ್ಬೇಡ. ಹುಕ್ಕು ತಪ್ಪಿದೆ, ಕನ್ನಡೀಲಿ ನೋಡ್ಕೊಂಡೆ. ಸರಿ ಮಾಡೋಕೆ ಹೊರಟೋಳು ಬಿಟ್ಟೆ. ಸರಿಯಾಗಿದ್ರೆ ಸೊಸೆ ಹಾಕಿರೋದು ಅನ್ಕೊಂಡ್‌ಬಿಡ್ತಾಳೆ ನನ್ ತಂಗಿ."

ಎಡಗೈಯಿಂದ ಕಾರಿನ ಬಾಗಿಲು ಹಿಡಿದು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ, ಟೀಚರ್ ತಾವೇ ಹತ್ತಿ ಕೂತರು.